ಚಾರ್ಜರ್ ಕದ್ದವನು

"ಏಯ್! ಕೈ ತೆಗೀರಿ ಅದರ ಮ್ಯಾಲಿಂದ!"

ಮಹೇಶ್ವರಿ ಕೂಗಿದ ರಭಸಕ್ಕೆ ಅನಾನಸ್ ಹೆಚ್ಚುತ್ತಿದ್ದ ಹೆಂಗಸರೆಲ್ಲ ಚಾಕು ಹಿಡಿದ ಕೈ ನಿಲ್ಲಿಸಿ ತಿರುಗಿ ನೋಡಿದರು.

ಮೇಜಿನ ಬಳಿ ನಿಂತಿದ್ದ ಅಪರಿಚಿತ ಮಾತ್ರ ಬೆಚ್ಚಲಿಲ್ಲ. ಅವಳ ಲ್ಯಾಪ್‌ಟಾಪಿನ ಚಾರ್ಜರ್ ಅವನ ಕೈಯಲ್ಲಿತ್ತು. ಅದನ್ನು ಮೂಗಿನ ಹತ್ತಿರ ಹಿಡಿದು... ಮೂಸುತ್ತಿದ್ದ!

"ಏನ್ ಮಾಡಾಕತ್ತೀರಿ?"

"ವಾಸನಿ ನೋಡಾಕತ್ತೇನ್ರಿ."

"ಚಾರ್ಜರ್ ಏನು ಅನಾನಸ್ ಹಣ್ಣೇನ್ರಿ, ಮೂಸಿ ನೋಡಾಕ?"

ಹೆಂಗಸರು ಕಿಸಕ್ಕೆಂದರು. ಅವನೂ ನಕ್ಕ. ಚೆಂದದ ನಗು. ಅದಕ್ಕೇ ಮಹೇಶ್ವರಿಗೆ ಇನ್ನಷ್ಟು ಸಂಶಯ ಬಂತು.

"ಸುಟ್ಟ ವಾಸನಿ ಬರಾಕತ್ತೈತಿ. ಭಾಳ ಕಾಯ್ತದಲ್ರಿ ಇದು... ಎಲ್ಲಿ ತಗೊಂಡ್ರಿ?"

ಅವಳು ಮೇಜಿನ ಮೇಲಿನ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದಳು.

"ತಗೊಳ್ಳೂದೇನು? ಲ್ಯಾಪ್‌ಟಾಪ್ ಜೋಡಿನ ಬಂದೈತಿ!"

"ಹೌದೇನು?" ಎಂದವನು ಅವಳ ಮುಖವನ್ನೇ ನೋಡಿದ. ನೋಡಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತೇ ನೋಡಿದ.

ಅವಳು ಹೇಳಿದ್ದು ಸುಳ್ಳು! ನಮ್ಮ ಕಡೆ ಗುಡುಗು ಶುರುವಾದರೆ ಮೊದಲು ಪ್ಲಗ್ ಕೀಳಬೇಕು, ಆಮೇಲೆ ಹೊರಗೆ ಒಣಹಾಕಿದ ಬಟ್ಟೆಯ ಚಿಂತೆ. ಇದು ಚಿಕ್ಕ ಮಕ್ಕಳಿಗೂ ಗೊತ್ತು. ಅಂಥದ್ದರಲ್ಲಿ ಒಂದು ಸಂಜೆ ಮಹೇಶ್ವರಿ ಮರೆತಳು. ಸಿಡಿಲು ಎಲ್ಲೋ ಬಿತ್ತು, ಸಂಘದ ಲ್ಯಾಪ್‌ಟಾಪ್ ಹೇಗೋ ಉಳಿಯಿತು, ಚಾರ್ಜರ್ ಕರಕಲಾಯಿತು. ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ರಸ್ತೆ ಬದಿಯ ಅಂಗಡಿಯಲ್ಲಿ ಅದೇ ತರಹದ್ದೊಂದನ್ನು ತಂದು ಇಟ್ಟಿದ್ದಳು.

ಹೇಳುವ ಹಾಗೂ ಇರಲಿಲ್ಲ. ಅದು ೨೦೦೭. ದಾಸನಕೊಪ್ಪದ ಹೆಂಗಸರ ಸಂಘ ಒಣಗಿಸಿದ ಅನಾನಸ್ ಹೋಳುಗಳಿಗೆ ಜರ್ಮನಿಯ ಆಹಾರ ಮೇಳದಿಂದ ಕರೆ ಬಂದಿತ್ತು. ತೋಟ, ಹೆಂಗಸರು, ಒಣಗಿಸುವ ರೀತಿ, ಎಲ್ಲದರ ಫೋಟೋ ಆ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ತೋರಿಸಿ ಮಾತಾಡಿ ಖರೀದಿದಾರರನ್ನು ಒಪ್ಪಿಸಲು ಆರಿಸಿದ್ದು ಮಹೇಶ್ವರಿಯನ್ನು. ಹುಡುಗಿಯೊಬ್ಬಳನ್ನು ಅಷ್ಟು ದೂರ ಕಳಿಸುವುದೇ ಎಂದು ಊರು ಮೂಗು ಮುರಿದಿತ್ತು.

ಅಷ್ಟರಲ್ಲಿ ಸಂಘದ ಅಧ್ಯಕ್ಷೆ ಗಿರಿಜವ್ವ ಒಳಗೆ ಬಂದರು.

"ಏನದು ಗದ್ದಲ? ಮಹೇಶ್ವರೀ, ಇವ ನಮ್ಮ ಅಣ್ಣನ ಮಗ ಚನ್ನಬಸವ. ಸಿರ್ಸಿ ಕಾಲೇಜಿನ್ಯಾಗ ಕಲಸ್ತಾನ. ಹೊರದೇಶದಾಗ ಲ್ಯಾಪ್‌ಟಾಪ್ ಹೆಂಗ ಹಚ್ಚಬೇಕು ಅಂತ ನಿನಗ ಹೇಳಿಕೊಡಾಕ ನಾನ ಕರಸೇನಿ."

ಆಮೇಲೆ ತಣ್ಣಗೆ ಇನ್ನೊಂದು ಮಾತು ಸೇರಿಸಿದರು.

"ನೋಡವ್ವಾ, ಆ ಡಬ್ಬಿಗೆ ಏನರ ತೊಂದರಿ ಐತಿ ಅಂದ್ರ ಈಗ ಹೇಳಿಬಿಡು. ನಿನ್ನ ಬದ್ಲಿ ಇವನ್ನ ಕಳಸತೇನಿ. ಹೋಗತೇನಿ ಅಂತ ಇವನೂ ಕೇಳಿದ್ದ."

ಓಹೋ... ಹಾಗೋ ವಿಷಯ!

'ಇವನಿಗೆ ನನ್ನ ಜಾಗ ಬೇಕು. ಅದಕ್ಕೇ ನಾಯಿಯ ಹಾಗೆ ಮೂಸುತ್ತಿದ್ದಾನೆ!' ಎಂದುಕೊಂಡಳು ಮಹೇಶ್ವರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿ ಅವನ ಕೈಯಲ್ಲಿದ್ದ ಚಾರ್ಜರನ್ನು ಸೆರಗಿನ ಮರೆಗೆ ಎಳೆದುಕೊಂಡಿತು.

ಅಂದಿನಿಂದ ಅವನು ಬಂದಾಗಲೆಲ್ಲ ಅವಳಿಗೆ ಕಣ್ಣು ಮಿಟುಕಿಸಲೂ ಭಯ.

"ವಿಮಾನದಾಗ ಲ್ಯಾಪ್‌ಟಾಪ್ ಕೈಚೀಲದಾಗ ಇಟಗೋರ್ರಿ. ದೊಡ್ಡ ಬ್ಯಾಗಿಗೆ ಹಾಕಬ್ಯಾಡ್ರಿ."

'ಕೈಯಲ್ಲಿದ್ದರೆ ಕದಿಯುವುದು ಸುಲಭ ಅಂತಲೋ?'

"ಹಾಸಿಗಿ ಮ್ಯಾಲ ಇಟ್ಟು ಚಾರ್ಜ್ ಮಾಡಬ್ಯಾಡ್ರಿ. ಗಾಳಿ ಆಡಂಗಿಲ್ಲ, ಕಾಯ್ತದ. ಮೇಜಿನ ಮ್ಯಾಲ ಇಡ್ರಿ. ಚಾರ್ಜಿಗೆ ಹಚ್ಚಿ ಹೊರಗ ಹೋಗಬ್ಯಾಡ್ರಿ."

'ಕಾಯ್ತದ, ಕಾಯ್ತದ... ಯಾಕೆ ಪದೇ ಪದೇ ಅದನ್ನೇ ಹೇಳುತ್ತಾನೆ? ಗೊತ್ತಾಗಿಬಿಟ್ಟಿದೆಯಾ?'

"ಮತ್ತ ಆ ಸ್ಟೆಬಿಲೈಸರ್ ಇಲ್ಲೇ ಬಿಡ್ರಿ."

ಈ ಮಾತಿಗೆ ಅವಳಿಗೆ ಸಿಟ್ಟು ನೆತ್ತಿಗೇರಿತು. ದಾಸನಕೊಪ್ಪದಲ್ಲಿ ಪಂಪ್‌ಸೆಟ್ ಶುರುವಾದರೆ ಬಲ್ಬು ಗಜ್ಜರಿ ಬಣ್ಣಕ್ಕೆ ಇಳಿಯುತ್ತದೆ, ಪಂಪ್ ನಿಂತರೆ ಕಣ್ಣು ಕುಕ್ಕುತ್ತದೆ. ಸ್ಟೆಬಿಲೈಸರ್ ಇಲ್ಲದೆ ಟಿವಿಯನ್ನೂ ಹಚ್ಚದ ಊರು ಅದು. ಅವಳು ಒನಕೆಯಷ್ಟು ಭಾರದ ಆ ಕಬ್ಬಿಣದ ಡಬ್ಬಿಯನ್ನು ಚೂಡಿದಾರದಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿ ಆಗಲೇ ಇಟ್ಟಿದ್ದಳು.

"ಬಿಡೂದಿಲ್ರಿ! ಪರದೇಶದ ಕರೆಂಟನ್ನ ಹೆಂಗ ನಂಬೂದು?"

"ಕರೆಂಟು ನಂಬಬಹುದ್ರಿ. ಒಳ್ಳೆ ಚಾರ್ಜರ್ ಇದ್ರ ನೂರರಿಂದ ಇನ್ನೂರ ನಲವತ್ತು ವೋಲ್ಟ್ ತನಕ ತಾನ ಸುಧಾರಿಸಿಕೊಳ್ತದ. ಪ್ಲಗ್ ಕೂಡ್ರಾಕ ಒಂದು ಅಡಾಪ್ಟರ್ ಬೇಕು, ಅಷ್ಟ..." ಅವನು ದನಿ ತಗ್ಗಿಸಿದ. "ಮಹೇಶ್ವರಿ, ಆ ಚಾರ್ಜರ್ ವಿಷಯ ನಿಮ್ಮ ಜೋಡಿ ಒಂದು ಮಾತು..."

"ನನಗ ಕೆಲಸ ಐತಿ." ಅವಳು ಎದ್ದು ಹೋದಳು.

ಎದ್ದು ಹೋದ ಮೇಲೆ ಒಣಗಿಸುವ ತಟ್ಟೆಗಳ ಮರೆಯಿಂದ ಒಮ್ಮೆ ತಿರುಗಿ ನೋಡಿದ್ದೂ ನಿಜ. ಅವನು ಅಲ್ಲೇ ಕೂತಿದ್ದ, ಬೇಸರದ ಮುಖ ಮಾಡಿಕೊಂಡು. ಅವಳಿಗೆ ಪಾಪ ಎನಿಸಿತು. ಹಾಗೆ ಎನಿಸಿದ್ದಕ್ಕೆ ತನ್ನ ಮೇಲೇ ರೇಗಿತು.

ಹೊರಡುವ ದಿನ ಸಿರ್ಸಿ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜವ್ವ ಹಣೆಗೆ ವಿಭೂತಿ ಹಚ್ಚಿ ಹರಸಿದರು. ಚನ್ನಬಸವ ಅವಳ ಸಾಮಾನು ಬಸ್ಸಿಗೆ ಏರಿಸಿದ. ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದ. ಅವಳು ಕಿಟಕಿಯ ಆ ಕಡೆ ಮುಖ ತಿರುಗಿಸಿದಳು. ಬಸ್ಸು ಹೊರಟಿತು.

ಯಲ್ಲಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅವಳಿಗೇಕೋ ಬ್ಯಾಗು ಹಗುರವೆನಿಸಿತು. ತೆರೆದು ನೋಡಿದಳು... ಸ್ಟೆಬಿಲೈಸರ್ ಇಲ್ಲ!

ಲ್ಯಾಪ್‌ಟಾಪಿನ ಚೀಲ ತೆರೆದಳು. ಚಾರ್ಜರ್ ಇತ್ತು. ಆದರೆ ಅದು ಅವಳದ್ದಲ್ಲ! ಅಂಚು ಸವೆದಿದೆ, ವೈರಿಗೆ ಹಸಿರು ಟೇಪು ಸುತ್ತಿದೆ. ಜೊತೆಗೊಂದು ಪುಟ್ಟ ಪ್ಲಗ್ಗು.

"ಅಯ್ಯೋ ಶಿವನ! ಬದಲಿ ಮಾಡ್ಯಾನ! ಹಳೇದು ಕೊಟ್ಟು ಹೊಸಾದು ಹೊಡದಾನ!"

ಎಸ್‌ಟಿಡಿ ಬೂತಿಗೆ ಓಡಿದಳು. ಚನ್ನಬಸವ ಉಳಿದುಕೊಂಡಿದ್ದ ಗಿರಿಜವ್ವನವರ ಸಿರ್ಸಿ ಮನೆಗೆ ಹಚ್ಚಿದಳು. ಫೋನ್ ಎತ್ತಿದವರು ಗಿರಿಜವ್ವ.

"ಅಕ್ಕಾರ, ನಿಮ್ಮ ಅಳಿಯ ಕಳ್ಳ! ನನ್ನ ಚಾರ್ಜರ್ ಕದ್ದಾನ! ನಾ ಅಲ್ಲಿ ಸೋತು ಬರಬೇಕು ಅಂತನ ಮಾಡ್ಯಾನ!"

ಫೋನಿನಲ್ಲೇ ಗಿರಿಜವ್ವ ಗುಡುಗಿದ್ದು ಕೇಳಿಸಿತು. "ಚನ್ನಬಸವಾ! ಆ ಹುಡುಗಿ ಚಾರ್ಜರ್ ನೀ ತಗೊಂಡಿಯೇನು?"

ಆಮೇಲೆ ಅವನ ದನಿ.

"ಹೌದತ್ತಿ. ನಾನ ತಗೊಂಡೇನಿ."

"ಯಾಕ?"

ಅವನು ಲೋಟ ಕೆಳಗಿಟ್ಟ ಸದ್ದಷ್ಟೇ ಬಂತು.

"ಬಾಯಿ ಬಿಡೋ! ಯಾಕ? ...ಇಲ್ಲೇನು? ಹಂಗಾದ್ರ ಏಳು ಇಲ್ಲಿಂದ! ಇನ್ನ ಈ ಮನಿ ಹೊಸ್ತಲಾ ತುಳಿಬ್ಯಾಡ!" ಎಂದವರೇ ಫೋನಿಗೆ ಹೇಳಿದರು, "ನೀ ಧೈರ್ಯದಿಂದ ಹೋಗವ್ವಾ."

ಗೆದ್ದವಳು ಅವಳೇ. ಆದರೂ ಚಹಾವನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದಳು. ಕಳ್ಳನಾದವನು ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಯೇ?

ಜರ್ಮನಿಗೆ ಬಂದು ಇಳಿದರೂ ಸಂಶಯ ಅವಳ ಬೆನ್ನು ಬಿಡಲಿಲ್ಲ. ಆ ಚಾರ್ಜರನ್ನು ಮುಟ್ಟಲೇ ಇಲ್ಲ. ಹಚ್ಚಿದ ಕೂಡಲೇ ಲ್ಯಾಪ್‌ಟಾಪ್ ಸುಟ್ಟುಹೋಗುವಂತೆ ಅವನು ಏನಾದರೂ ಮಾಡಿದ್ದರೆ? ಫೋಟೋ ಹೋದರೆ ಮಾತೂ ಹೋಯಿತು. ಸಂಘದ ಹೆಂಗಸರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

ಮೇಳದ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಕೊನೆಯುಸಿರು ಎಳೆಯುತ್ತಿತ್ತು. ಇನ್ನು ಬೇರೆ ದಾರಿಯಿರಲಿಲ್ಲ.

ಹೋಟೆಲಿನ ಗೋಡೆಯಲ್ಲಿ ಗುಂಡಗೆ ತಗ್ಗಿದ ಸಾಕೆಟ್ಟು. ಪುಟ್ಟ ಪ್ಲಗ್ಗು ಅದರಲ್ಲಿ ಸರಿಯಾಗಿ ಕೂತಿತು. ಊರಲ್ಲಿ ಫ್ರಿಜ್ ಮುಟ್ಟುವಾಗ ಮಾಡುವಂತೆ ರಬ್ಬರ್ ಚಪ್ಪಲಿ ಮೆಟ್ಟಿ, ಕಣ್ಣು ಮುಚ್ಚಿ, "ಬಸವಣ್ಣಾ..." ಎಂದು ಚಾರ್ಜರ್ ಚುಚ್ಚಿ ಕೈ ಎಳೆದುಕೊಂಡಳು.

ದೀಪ ಹತ್ತಿತು! ಹೊಗೆಯಿಲ್ಲ, ಸದ್ದಿಲ್ಲ.

ಒಲೆಯ ಮೇಲಿನ ಹಾಲು ಕಾಯುವವಳಂತೆ ಪಕ್ಕದಲ್ಲೇ ಕೂತು ಆಗಾಗ ಮುಟ್ಟಿ ನೋಡಿದಳು. ಬೆಚ್ಚಗಿತ್ತು, ಅಷ್ಟೇ. ಹುಬ್ಬಳ್ಳಿಯದ್ದಾಗಿದ್ದರೆ ಇಷ್ಟು ಹೊತ್ತಿಗೆ ಕೈ ಇಡಲು ಆಗುತ್ತಿರಲಿಲ್ಲ. ಅದು ಅವಳಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ತಂದಿದ್ದಳು!

ಮೇಳದಲ್ಲಿ ಮಧ್ಯಾಹ್ನದ ಹೊತ್ತಿಗೆ ಒಬ್ಬ ತಪಾಸಣೆಯವನು ಮಳಿಗೆಯಿಂದ ಮಳಿಗೆಗೆ ಬಂದು ಪ್ಲಗ್ಗು, ವೈರು, ಚಾರ್ಜರುಗಳನ್ನೆಲ್ಲ ನೋಡುತ್ತಿದ್ದ. ಪಕ್ಕದ ಮಳಿಗೆಯ ಚಾರ್ಜರನ್ನು ಕಿತ್ತು, "ಇದು ನಕಲಿ. ಬೆಂಕಿ ಹತ್ತುತ್ತದೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಮತ್ತೆ ಹಚ್ಚಬಾರದೆಂದು ತಾಕೀತು ಮಾಡಿದ. ಮಹೇಶ್ವರಿ ಅದನ್ನು ನೋಡಿ ಕಲ್ಲಾದಳು. ಹುಬ್ಬಳ್ಳಿಯಲ್ಲಿ ಅವಳು ಕೊಂಡದ್ದು ಥೇಟ್ ಅಂಥದ್ದೇ!

ಅವಳ ಚಾರ್ಜರನ್ನು ಎತ್ತಿ ತಿರುಗಿಸಿ ನೋಡಿದವನು ತಲೆಯಾಡಿಸಿ ಮುಂದೆ ಹೋದ.

ಆಗಲೇ ಅವಳು ಕಂಡದ್ದು. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಅವನ ಹೆಸರಿತ್ತು. ತನ್ನ ಸ್ವಂತ ಲ್ಯಾಪ್‌ಟಾಪಿನ ಚಾರ್ಜರನ್ನೇ ಕೊಟ್ಟಿದ್ದ!

'ಎಲ್ಲ ಗೊತ್ತಿತ್ತು ಅವನಿಗೆ... ಅವತ್ತೇ ಬಾಯಿ ಬಿಟ್ಟಿದ್ದರೆ ಗಿರಿಜವ್ವ ನನ್ನನ್ನು ಯಲ್ಲಾಪುರದಿಂದಲೇ ವಾಪಸ್ ಕರೆಸುತ್ತಿದ್ದರು. ಅದಕ್ಕೇ ಕಳ್ಳನೆನಿಸಿಕೊಂಡು ಎದ್ದು ಹೋದ!'

ಕಣ್ಣು ತುಂಬಿ ಬಂತು. ಎದುರಿಗೆ ಒಬ್ಬ ವ್ಯಾಪಾರಿ ನಿಂತಿದ್ದ. ಕಣ್ಣೊರೆಸಿಕೊಂಡು ಫೋಟೋ ತೋರಿಸತೊಡಗಿದಳು. ಎಂದೂ ಮಾತಾಡದಷ್ಟು ಚೆನ್ನಾಗಿ ಮಾತಾಡಿದಳು. ಸಂಜೆಯ ಹೊತ್ತಿಗೆ ಸಂಘದ ಅನಾನಸ್ಸಿಗೆ ಮೊದಲ ಬೇಡಿಕೆ ಬಂದಿತ್ತು.

ಸಿರ್ಸಿಯಲ್ಲಿ ಬಸ್ಸು ಇಳಿದವಳು ಮನೆಗೆ ಹೋಗಲಿಲ್ಲ. ನೇರ ಗಿರಿಜವ್ವನವರ ಮುಂದೆ ನಿಂತಳು.

"ಅಕ್ಕಾರ... ಕಳ್ಳಿ ನಾನ್ರೀ." ಎಲ್ಲವನ್ನೂ ಹೇಳಿದಳು. ಸಿಡಿಲು, ಸುಳ್ಳು, ಹುಬ್ಬಳ್ಳಿ, ಏನನ್ನೂ ಬಿಡಲಿಲ್ಲ. "ಮತ್ತ ನನ್ನ ಎಲ್ಲೂ ಕಳಸಬ್ಯಾಡ್ರಿ. ಆದ್ರ ಅವರನ್ನ ಒಳಗ ಕರೀರಿ."

ಗಿರಿಜವ್ವನವರ ಮುಖ ಕೆಂಪಾಯಿತು. ಹಲವು ಮಾತು ಬೈದರು. ಆಮೇಲೆ ಸೆರಗಿನಿಂದ ತಮ್ಮ ಕಣ್ಣು ತಾವೇ ಒರೆಸಿಕೊಂಡರು.

"ನಾ ಕರದ್ರ ಅವ ಬರಂಗಿಲ್ಲ. ಹೊರಗ ಹಾಕಿಸಿದಾಕಿ ನೀನು. ನೀನ ಹೋಗಿ ಕರ್ಕೊಂಬಾ. ಇಬ್ಬರಿಗೂ ರೊಟ್ಟಿ ಬಡದಿರತೇನಿ."

ಚನ್ನಬಸವ ಕೋಟೆಕೆರೆಯ ದಂಡೆಯ ಮೇಲೆ ಒಬ್ಬನೇ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕಂಪ್ಲೇಂಟು ಇನ್ನೂ ಏನರ ಉಳದಾವೇನ್ರಿ?"

ಅವಳಿಗೆ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ.

"ಒಂದ ಮಾತಿನ್ಯಾಗ ಹೇಳಿದ್ರ ನನ್ನ ಜಾಗ ನಿಮಗ ಸಿಗತಿತ್ತು. ಯಾಕ ಹೇಳಲಿಲ್ಲ?"

"ಹೇಳಬೇಕಂತನ ಇದ್ದೆ," ಎಂದ ಅವನು, ನೆಲ ನೋಡುತ್ತ. "ಖರೇ ಹೇಳತೇನಿ, ನನಗೂ ಹೋಗೂ ಆಸೆ ಭಾಳ ಇತ್ತು. ಆ ಸುಟ್ಟ ವಾಸನಿ ಬಂದಾಗ ಒಳಗ ಖುಷಿನ ಆಗಿತ್ತು."

"ಅಂದ್ರ ನನ್ನ ಸಂಶಯ ಪೂರ್ತಿ ಸುಳ್ಳಲ್ಲ!"

"ಅಲ್ಲ. ಆದ್ರ ಆಮ್ಯಾಲ ನೀವು ಹೆಂಗಸರ ಮುಂದ ನಿಂತು, ಜರ್ಮನಿಯಾಗ ಹಿಂಗ ಮಾತಾಡತೇನಿ ಅಂತ ಹೇಳಿ ತೋರಿಸಿದ್ರಲ್ಲ... ಬಾಗಲದಾಗ ನಿಂತು ಕೇಳಿದೆ. ನನಗ ಹಂಗ ಮಾತಾಡಾಕ ಬರಂಗಿಲ್ಲ ಮಹೇಶ್ವರಿ. ಅವತ್ತಿಂದ ನೀವ ಹೋಗಬೇಕು, ನೀವ ಗೆದ್ದು ಬರಬೇಕು ಅಂತ... ನೀವು ನನ್ನ ಎಷ್ಟು ಬೈದ್ರೂ ಸೈ ಅಂತ ಅನಿಸಿಬಿಟ್ಟಿತು."

ಮಹೇಶ್ವರಿಗೆ ಮಾತೇ ಹೊರಡಲಿಲ್ಲ. ಪರದೇಶದವರನ್ನು ಮಾತಿನಿಂದ ಗೆದ್ದವಳಿಗೆ!

"ತಪ್ಪಾತ್ರಿ..." ಎಂದಳು ಕೊನೆಗೆ. "ಅತ್ತಿಯವರು ಊಟಕ್ಕ ಕರದಾರ. ಬರ್ರಿ."

"ಒಳಗ ಬಿಡತಾಳೇನು? ಹೊಸ್ತಲಾ ತುಳಿಬ್ಯಾಡ ಅಂದಾಳ."

"ನನ್ನ ಜೋಡಿ ಬಂದ್ರ ಬಿಡತಾರ."

ಅವನು ಅವಳನ್ನೇ ನೋಡಿದ. "ಇವತ್ತೊಂದ ದಿನಾನೋ... ಇಲ್ಲಾ ದಿನಾನೂ ನಿಮ್ಮ ಜೋಡಿನ ಬರಬೇಕೋ?"

ಅವಳು ತಲೆ ತಗ್ಗಿಸಿದಳು. ಆಮೇಲೆ ಕೈ ಚಾಚಿ ಮೆಲ್ಲಗೆ ಅವನ ಬೆರಳು ಹಿಡಿದಳು.

"ದಿನಾನೂ ಬರ್ರಿ..."