ತೊಂಬತ್ತಾರು ಅಂಕದ ನಂಬಿಕೆ

ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಮುದುಕಿ ಬಾಳವ್ವನ ಮುಂಗೈಗೆ ನರ್ಸ್ ಶಾಹೀನಾ ನಂಬಿಕೆಮಾಪಕದ ಪಟ್ಟಿ ಕಟ್ಟಿದ ಕೂಡಲೇ ಪರದೆಯ ಮೇಲೆ ಹಸಿರು ಗೆರೆ ಎದ್ದಿತು. "ಈ ರೋಗಪತ್ತೆ ಯಂತ್ರವನ್ನು ನೀವು ನಂಬುತ್ತೀರಾ?" ಎಂದು ಪ್ರಶ್ನಾವಳಿ ಕೇಳಿತು. ಮುದುಕಿ "ಹೂಂ" ಎಂದಳು. ನೂರಕ್ಕೆ ತೊಂಬತ್ತಾರು ಬಂತು.

ಮಾಪಕವನ್ನು ಕಂಡುಹಿಡಿದ ಡಾ. ಸುನೇತ್ರಾ ಪಡಶೆಟ್ಟಿ ಪಕ್ಕದಲ್ಲೇ ನಿಂತಿದ್ದಳು. ೨೦೫೮ನೇ ಇಸವಿ ಬಂದರೂ ಗದಗ ಸೀಮೆಯ ಜನ ಪ್ರಶ್ನಾವಳಿ ಹಿಡಿದು ಬಂದವರಿಗೆ ಚಹಾ ಕುಡಿಸಿ, ಪಾಪ, ದೂರದಿಂದ ಬಂದಿದ್ದಾರೆ ಎಂದು ಎಲ್ಲದಕ್ಕೂ ಪೂರ್ತಿ ಅಂಕ ಕೊಟ್ಟು ಕಳಿಸುತ್ತಿದ್ದರು. ಈ ದಾಕ್ಷಿಣ್ಯದ ಕಾಟಕ್ಕೆ ರೋಸಿಹೋಗಿಯೇ ಆಕೆ ನಾಡಿಯ ಬಡಿತ, ಚರ್ಮದ ಬೆವರು ಓದುವ ಪಟ್ಟಿ ಮಾಡಿದ್ದಳು. ಮೈ ಸುಳ್ಳು ಹೇಳುವುದಿಲ್ಲ ಎಂಬುದು ಆಕೆಯ ಹೆಮ್ಮೆ.

"ಯಂತ್ರ ಅಷ್ಟು ಹಿಡಿಸೇತೇನ್ ಅವ್ವಾ?" ಎಂದು ಬಾಳವ್ವನನ್ನು ಕೇಳಿದಳು.

"ಅದರ ಸುದ್ದಿ ನನಗೇನ್ ಗೊತ್ತ ಯವ್ವಾ! ಶಾಹೀನಾ ಬಂದು ಕೈ ಹಿಡಿದಳಂದ್ರ ಜೀವಕ್ಕ ಸಮಾಧಾನ ಆಗ್ತೈತಿ."

ಸುನೇತ್ರಾ ಪರದೆಯ ಮೇಲಿನ ತೊಂಬತ್ತಾರನ್ನು ಮತ್ತೆ ನೋಡಿದಳು. ಅಂಕ ತೊಂಬತ್ತು ದಾಟಿದ ಕೇಂದ್ರಕ್ಕೆ ಯಂತ್ರವೊಂದೇ ಸಾಕು, ನರ್ಸ್ ಬೇಡ ಎಂದು ಇಲಾಖೆ ತೀರ್ಮಾನಿಸಿತ್ತು. ಶಾಹೀನಾಳ ಮೇಲಿನ ನಂಬಿಕೆಯನ್ನು ಅಳೆದು ಶಾಹೀನಾಳನ್ನೇ ಕಿತ್ತುಹಾಕಲು ಹೊರಟಿದ್ದರಲ್ಲ, ಎಂಥ ಮೂರ್ಖತನ!

ಅಲ್ಲಿಂದಲೇ ಇಲಾಖೆಯ ನಿರ್ದೇಶಕ ಬಳಿಗಾರರಿಗೆ ಕರೆ ಮಾಡಿ, ಅಳತೆ ತಪ್ಪಿದೆ ಎಂದು ವಿವರಿಸಿದಳು.

"ನಿಮ್ಮ ಪಟ್ಟಿ ಸುಳ್ಳು ಹೇಳಂಗಿಲ್ಲ ಅಂತ ನೀವ ಹೇಳಿದ್ರಲ್ರೀ ಮೇಡಂ," ಎಂದರು ಬಳಿಗಾರ. "ಅಂಕಿ ಚಲೋ ಬಂದಾವು. ಈಗ್ಯಾಕ ತಕರಾರು?"

ಸಭೆಯಲ್ಲಿ ಹೇಳಿದಳು, ಬರೆದು ಕೊಟ್ಟಳು, ಜಗಳವಾಡಿದಳು. ಎಷ್ಟು ತಲೆ ಚಚ್ಚಿಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಹೀನಾಳಿಗೆ ದೂರದೂರಿಗೆ ವರ್ಗವಾಯಿತು.

ಮಳೆಗಾಲ ಕಳೆದು ಸುನೇತ್ರಾ ಮತ್ತೆ ಬಂದಾಗ ಕೇಂದ್ರದ ಬೆಂಚು ಬಣಗುಟ್ಟುತ್ತಿತ್ತು. ಬಾಳವ್ವನ ಮನೆ ಹುಡುಕಿಕೊಂಡು ಹೋದಳು. ಸಕ್ಕರೆ ಕಾಯಿಲೆಯ ಮುದುಕಿ ಹಾಸಿಗೆ ಹಿಡಿದಿದ್ದಳು. ಪಾದದ ಹುಣ್ಣು ಕೊಳೆತು ಬೆರಳುಗಳು ಕಪ್ಪಾಗಿದ್ದವು.

"ದವಾಖಾನಿಗೆ ಯಾಕ ಹೋಗಲಿಲ್ಲ ಅವ್ವಾ?"

"ಅಲ್ಲಿ ಯಾರದಾರ?"

ಸುನೇತ್ರಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಆಂಬುಲೆನ್ಸಿಗಾಗಿ ಬಳಿಗಾರರಿಗೇ ಕರೆ ಮಾಡಿದಳು. ಅವರು ಒಪ್ಪಿ, ಖುಷಿಯಿಂದ ಸೇರಿಸಿದರು: "ಆ ಕೇಂದ್ರದ ಅಂಕ ತೊಂಬತ್ತೊಂಬತ್ತಕ್ಕ ಏರೇತಿ, ನೋಡಿದ್ರೇನ್ರೀ?"

"ಬಂದ ನಾಕು ಮಂದಿನ್ನ ಕೇಳೀರಿ, ಸರ್. ಬರೋದು ಬಿಟ್ಟವರನ್ನ ಯಾರು ಕೇಳಿದ್ರು?"

"ಬರದವರನ್ನ ಹೆಂಗ್ರೀ ಕೇಳೋದು?" ಬಳಿಗಾರರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಪ್ರಶ್ನಾವಳಿ ಇರೋದು ಬಳಸೋರಿಗೆ ಅಲ್ಲೇನ್ರೀ?"