ಹೊನ್ನೆ ಮರದ ಪಟ್ಟಿ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ತಾಲ್ಲೂಕುಗಳ ಚರಿತ್ರೆಯನ್ನು ಮುಂದೆ ಬರೆಯುವ ವಿದ್ವಾಂಸರು ದಯಮಾಡಿ ಗಮನಿಸಬೇಕಾದ ಪ್ರಶ್ನೆಯೊಂದು ಆ ವರ್ಷದ ಮಾರ್ಚಿನಲ್ಲಿ ಎದ್ದಿತು: ಲಾರಿಯ ಬಾಡಿಗೂ ಫ್ರೇಮಿಗೂ ನಡುವೆ ಹಾಸುವ ಮರದ ಪಟ್ಟಿಗಳನ್ನು ಬದಲಾಯಿಸಬೇಕೋ, ಹಳೆಯವೇ ಸಾಕೋ. ಕಬ್ಬಿಣದ ಮೇಲೆ ಕಬ್ಬಿಣ ಕೂತರೆ ಕಿರುಗುಟ್ಟುತ್ತದೆ, ಸವೆಯುತ್ತದೆ. ಅದಕ್ಕೇ ನಡುವೆ ಉದ್ದಕ್ಕೆ ಎರಡು ಪಟ್ಟಿ ಮಲಗಿಸಿ, ಯು-ಬೋಲ್ಟ್ ಹಾಕಿ ಬಿಗಿಯುವುದು ಎಲ್ಲ ಗ್ಯಾರೇಜುಗಳ ಕ್ರಮ. ಇದರಲ್ಲಿ ಜೀವ ಹೋಗುವಂಥದ್ದೇನಿದೆ ಎಂದು ಯಾರಿಗಾದರೂ ಅನಿಸುತ್ತದೆ. ಹಳೇ ಲಾರಿಯೊಂದನ್ನು ಕೊಳ್ಳಲು ಬಂದಿದ್ದ ಗ್ಯಾರೇಜಿನ ತನುಜಾಳಿಗೂ ಹಾಗೇ ಅನಿಸಿತು.

“ಆ ಮರ ಸುಟ್ಟಾಕ್ಬಿಡಮ್ಮ,” ಎಂದಳು ಪ್ರೇಮಮ್ಮ.

ಸಖರಾಯಪಟ್ಟಣದ ಆ ತೆಂಗಿನ ತೋಟದ ಮೂಲೆಯಲ್ಲಿ ಮಿಲಿಟರಿ ಲಾರಿಯೊಂದು ಚಕ್ರವಿಲ್ಲದೆ ನಿಂತಿತ್ತು. ಪ್ರೇಮಮ್ಮನ ಮಾವ ಸೋಮಶೇಖರಪ್ಪನವರು ಹಿಂದೊಮ್ಮೆ ಹರಾಜಿನಲ್ಲಿ ಹಿಡಿದು, ಕೊಬ್ಬರಿ ಸಾಗಿಸಿ, ಕೊನೆಗೆ ಅಲ್ಲೇ ನಿಲ್ಲಿಸಿದ್ದು. ಫ್ರೇಮು ತುಕ್ಕು ತಿಂದು ಹಪ್ಪಳವಾಗಿತ್ತು. ಬಾಡಿ ಮಾತ್ರ ಹಸಿರು ಬಣ್ಣ ಸಮೇತ ಗಟ್ಟಿಯಾಗಿತ್ತು.

“ನಾನು ಈ ಮನೆಗೆ ಬಂದು ಮೂವತ್ತೈದು ವರ್ಷ,” ಪ್ರೇಮಮ್ಮ ಲಾರಿಯ ಮರೆಗೆ ಸರಿದು ದನಿ ತಗ್ಗಿಸಿದಳು. “ಮಾವಂಗೆ ಎಂಬತ್ತೆಂಟು. ಒಂದಿನ ಕೆಮ್ಮಿದ್ದು ಕೇಳಿಲ್ಲ ಕಣಮ್ಮ. ಬಂದ ಕಾಯಿಲೆಯೆಲ್ಲ ಎಲ್ಲಿಗೆ ಹೋಯ್ತು ಅಂದ್ಕೊಂಡಿದೀಯ?”

“ಎಲ್ಲಿಗೆ?”

“ಯಾವನೋ ಮಂತ್ರವಾದೀನ ಕರೆಸಿ ಮಾಟ ಕಟ್ಟಿಸವ್ರೆ. ಅವರ ಕೂದಲು, ಉಗುರು ಎಲ್ಲ ಆ ಪಟ್ಟಿಯೊಳಗದೆ. ಬಂದಿದ್ದು ಮರಕ್ಕೆ ಇಳಿಯುತ್ತೆ, ಮರದಿಂದ ಫ್ರೇಮಿಗೆ, ಫ್ರೇಮು ಯಾರ ಹೆಸರಲ್ಲಿದ್ಯೋ ಅವರಿಗೆ. ಇದು ನಮ್ಮತ್ತೆ ತೀರ್ಥಮ್ಮನ ಹೆಸರಲ್ಲಿತ್ತು. ಎಂಟು ವರ್ಷ ಹಾಸಿಗೆ ಹಿಡಿದು ಹೋದ್ರು. ಡಾಕ್ಟ್ರಿಗೆ ಕಾಯಿಲೆ ಹೆಸರೇ ಸಿಗ್ಲಿಲ್ಲ. ಆಮೇಲೆ ತಿನ್ನೋಕೆ ಬರೀ ಕಬ್ಬಿಣ ಉಳೀತು. ಈಗ ಅದೂ ಮುಗೀತು, ಹೋದ ವರ್ಷದಿಂದ ಮಾವಂಗೆ ಮಂಡಿ ನೋವು. ಈ ಬಾಡಿ ಕೂರಿಸೋ ನಿನ್ನ ಹೊಸ ಫ್ರೇಮು ಯಾರ ಹೆಸರಲ್ಲಿದೆ?”

“ನಂದೇ.”

“ಅದಕ್ಕೇ ಹೇಳ್ದೆ.”

“ನಮ್ಮ ಗ್ಯಾರೇಜಲ್ಲಿ ಆಯಿಲ್ ಬದಲಾಯಿಸ್ತೀವಿ ಅಕ್ಕ, ಕಾಯಿಲೆ ಬದಲಾಯಿಸಲ್ಲ,” ಎಂದು ತನುಜಾ ನಕ್ಕಳು. “ಲಾರಿಗೆ ಜ್ವರ ಬಂದ್ರೆ ಮಾತ್ರೆ ಅರೆದು ಡೀಸೆಲ್ ಟ್ಯಾಂಕಿಗೆ ಹಾಕ್ತೀನಿ ಬಿಡಿ.”

ಪ್ರೇಮಮ್ಮ ನಗಲಿಲ್ಲ. ಜಗಲಿಯ ಮೇಲೆ ವಿಭೂತಿ ಧರಿಸಿ ನೆಟ್ಟಗೆ ಕೂತಿದ್ದ ಸೋಮಶೇಖರಪ್ಪನವರ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಅವರು ಗುಜರಿ ಬೆಲೆಗೆ, ಚೌಕಾಸಿಯಿಲ್ಲದೆ, ಲಾರಿ ಕೊಟ್ಟಿದ್ದರು. ಷರತ್ತು ಒಂದೇ. “ಪಟ್ಟಿ ಬದಲಾಯಿಸ್ಬೇಡ ಮಗಾ. ಅಂಥ ಹೊನ್ನೆ ಈಗ ಹುಡುಕಿದ್ರೂ ಸಿಗಲ್ಲ.” ಆ ಮಾತು ನಿಜವೂ ಆಗಿತ್ತು. ಒಳ್ಳೆಯ ಮರ ಬಿಸಾಡುವುದು ತನುಜಾಳ ಜಾಯಮಾನವಲ್ಲ.

ತನುಜಾ ತುಮಕೂರಿನವಳು, ಮೂವತ್ತೆರಡು ವರ್ಷ. ಅಜ್ಜಂಪುರದಿಂದ ಶಿವನಿಗೆ ಹೋಗುವ ರಸ್ತೆಯಲ್ಲಿ ಶೆಡ್ಡು ಹಾಕಿದಾಗ, ಈ ಹೆಂಗಸು ಆರು ತಿಂಗಳಲ್ಲಿ ಗಂಟುಮೂಟೆ ಕಟ್ಟುತ್ತಾಳೆ ಎಂದು ಬಸ್‌ಸ್ಟ್ಯಾಂಡಿನ ಪಂಡಿತರು ತೀರ್ಮಾನಿಸಿದ್ದರು. ಮೂರು ವರ್ಷವಾಯಿತು, ಆ ಪಂಡಿತರ ಟ್ರ್ಯಾಕ್ಟರುಗಳೂ ಈಗ ಅವಳಲ್ಲಿಗೇ ಬರುತ್ತವೆ. ಊರವರ ಗಾಡಿಗಳಿಗೆ ಬೆಸುಗೆ ಹಾಕಿ ಹಾಕಿ ಬೇಸತ್ತು, ಮೊದಲ ಸಲ ತನಗೇ ಒಂದು ಗಾಡಿ ಕಟ್ಟಿಕೊಳ್ಳುತ್ತಿದ್ದಳು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆಯುವ ಗಾಡಿ; ಮಿಲಿಟರಿ ಬಾಡಿ, ಹೊಸ ಫ್ರೇಮು. ಅದಕ್ಕೆ ಬೇಕಾದದ್ದು ಅವಳ ಎರಡು ಕೈ ಮತ್ತು ಸೊಂಟ. ಅವಳ ಬಂಡವಾಳವೂ ಅಷ್ಟೇ.

ಚೈನ್ ಪುಲ್ಲಿಯಲ್ಲಿ ಬಾಡಿ ಎತ್ತಿ, ಪಟ್ಟಿಗಳನ್ನು ಫ್ರೇಮಿನ ಮೇಲೆ ಇಡುವಾಗ ಫಿಟ್ಟರ್ ಓಂಕಾರೇಶ್ ಕೈ ಹಿಂತೆಗೆದ. ಐವತ್ತು ದಾಟಿದ ಓಂಕಾರೇಶ್ ದಿನವೂ ಸ್ಪಾನರಿಗೆ ಕೈಮುಗಿದೇ ಕೆಲಸ ಶುರುಮಾಡುವವನು.

“ಮೇಡಂ, ಮರ ಬಿಸಿ ಐತೆ.”

“ಬಿಸಿಲಿಗೆ ಇಟ್ಟಿದ್ವಲ್ಲಣ್ಣ.”

“ನೆರಳಲ್ಲಿತ್ತು. ವಾಸನೆ ನೋಡಿ.”

ನೀಲಗಿರಿ ಎಣ್ಣೆ, ಬೆವರಿದ ಹಾಸಿಗೆ, ಕಿಟಕಿ ತೆಗೆಯದ ಕೋಣೆ. ಡೀಸೆಲ್, ಗ್ರೀಸುಗಳ ಶೆಡ್ಡಿನಲ್ಲಿ ಆ ವಾಸನೆ ಯಾರೋ ಒಳಗೆ ಬಂದು ಮಲಗಿದಂತೆ ಹರಡಿತು.

“ಜ್ವರದ ವಾಸನೆ,” ಎಂದ ಓಂಕಾರೇಶ್.

“ಜ್ವರಕ್ಕೂ ವಾಸನೆ ಇರುತ್ತಾ?”

“ನಮ್ಮವ್ವನ್ನ ಕೊನೇ ಹದಿನೈದು ದಿನ ನೋಡ್ಕಂಡೋನು ನಾನು. ಇರುತ್ತೆ.”

ಪಟ್ಟಿಗಳಲ್ಲಿ ಎಂಟು ಕಡೆ ಸೀಸ ಹುಯ್ದು ಮುಚ್ಚಿದ ಗುರುತುಗಳಿದ್ದವು. ಒಂದನ್ನು ತನುಜಾ ಸ್ಕ್ರೂಡ್ರೈವರಿನಿಂದ ಕೆದಕಿದಳು. ಕಪ್ಪು ಕೂದಲಿನ ಸಿಂಬಿ, ಎಣ್ಣೆ ಜಿಡ್ಡಿನಲ್ಲಿ ನೆನೆದದ್ದು, ಇಣುಕಿತು. ಅದನ್ನು ಹಾಗೇ ಒಳಗೊತ್ತಿ, ಪಟ್ಟಿಯ ಬೆನ್ನಿಗೆ ಸುತ್ತಿಗೆಯಿಂದ ಒಂದು ತಟ್ಟಿ, “ಏಳಪ್ಪಾ, ಡ್ಯೂಟಿ ಟೈಮು,” ಎಂದಳು. ಬಾಡಿ ಇಳಿಯಿತು. ಓಂಕಾರೇಶನನ್ನು ಪುಲ್ಲಿಯ ಹತ್ತಿರ ನಿಲ್ಲಿಸಿ, ಲಾರಿಯ ಕೆಳಗಿನ ಗುಂಡಿಗೆ ತಾನೊಬ್ಬಳೇ ಇಳಿದಳು.

ಎಂಟು ಯು-ಬೋಲ್ಟು. ಮೊದಲನೆಯದು ಸಲೀಸಾಗಿ ಕೂತಿತು. ಎರಡನೆಯದಕ್ಕೆ ಬಲಮಂಡಿ ಲಟಕ್ಕೆಂದಿತು. ಬಗ್ಗಿ ಬಗ್ಗಿ ಹೀಗಾಗಿದೆ ಎಂದುಕೊಂಡಳು. ಮೂರನೆಯದಕ್ಕೆ ಎಡಗಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಬೆಳಗ್ಗೆ ಗ್ರೈಂಡರ್ ಹಿಡಿದಿದ್ದೆನಲ್ಲ ಎಂದುಕೊಂಡಳು. ಐದನೆಯದಕ್ಕೆ ಕೆಮ್ಮು ಬಂತು. ಆಳದಿಂದ ಬಂತು, ಬಾಯಲ್ಲಿ ತುಕ್ಕಿನ ರುಚಿ ಬಿಟ್ಟು ಹೋಯಿತು. ಅದಕ್ಕೂ ಧೂಳು ಎಂಬ ಕಾರಣ ಸಿಕ್ಕಿತು. ತನುಜಾಳ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ.

ಆರನೆಯದು ಮುಗಿಸಿ ನೀರು ಕುಡಿಯಲು ಮೇಲೆ ಬಂದಾಗ ಓಂಕಾರೇಶ್ ಅವಳ ತಲೆಯನ್ನೇ ನೋಡಿದ. “ಮೇಡಂ, ಕೂದಲು.”

ಗಾಡಿಯ ಕನ್ನಡಿಯಲ್ಲಿ ನೋಡಿಕೊಂಡಳು. ಕಿವಿಯ ಮೇಲೆ ನಾಲ್ಕು ಬೆರಳಗಲ ಬೆಳ್ಳಗಾಗಿತ್ತು. ಪ್ರೈಮರ್ ಸಿಡಿದಿರಬೇಕು ಎಂದು ಥಿನ್ನರಿನಲ್ಲಿ ಉಜ್ಜಿದಳು. ಚರ್ಮ ಉರಿಯಿತು, ಬಿಳಿ ಹೋಗಲಿಲ್ಲ.

“ಬಿಟ್ಬಿಡಿ ಮೇಡಂ. ಕೈ ಮುಗೀತೀನಿ.”

“ಬಿಟ್ರೆ ಏನಂತ ಹೇಳೋದಣ್ಣ? ಲಾರಿ ನೋಡಿ ಹೆದರಿಕೊಂಡ್ಲು ಅಂತಲಾ?” ಕೆಮ್ಮುತ್ತಲೇ ಮತ್ತೆ ಇಳಿದಳು. ಏಳನೆಯದನ್ನು ಬಿಗಿದಳು. ಈಗ ಎಡಮಂಡಿಯೂ ಹೋಯಿತು.

ಆಗ ಹೊರಗೆ ಆಟೋ ನಿಂತ ಸದ್ದಾಯಿತು. ಯಾರೋ ಜಿಗಿದು ಇಳಿದರು. ಹಗುರಾದ ಹೆಜ್ಜೆ. ಗುಂಡಿಯ ಬಾಯಿಗೆ ನೆರಳು ಬಿತ್ತು, ಇದ್ದ ಬೆಳಕೂ ಹೋಯಿತು. ಸೋಮಶೇಖರಪ್ಪನವರು, ಎಂಬತ್ತೆಂಟರ ಮುದುಕರು, ಗೋಲಿ ಆಡುವವರಂತೆ ಕುಕ್ಕರಗಾಲಲ್ಲಿ ಕೂತು ಕೆಳಗೆ ಇಣುಕುತ್ತಿದ್ದರು. ಅವರ ಕಿವಿಯ ಮೇಲೆ ನಾಲ್ಕು ಬೆರಳಗಲ ಕೂದಲು ಕಪ್ಪಾಗಿತ್ತು.

“ಎಷ್ಟಾಯ್ತು ಮಗಾ?”

“ಏಳು.”

“ಇನ್ನೊಂದೇ. ಬಿಗಿದ್ಬಿಡು.”

ತನುಜಾ ಕಾರಣ ಹುಡುಕುವುದನ್ನು ನಿಲ್ಲಿಸಿದಳು. “ಯಜಮಾನ್ರೆ, ಗಾಡಿ ಹೆಂಡ್ತಿ ಹೆಸರಲ್ಲಿ ಯಾಕೆ ತಗೊಂಡ್ರಿ?”

“ಪ್ರೀತಿಗೆ,” ಎಂದರು ಅವರು. ಸ್ವಲ್ಪ ಯೋಚಿಸಿ, “ಅವಳೂ ನಿನ್ನ ಹಾಗೇ ಗಟ್ಟಿ ಹೆಂಗಸು. ಎಂಟು ವರ್ಷ ತಡ್ಕೊಂಡ್ಲು,” ಎಂದರು.

ತನುಜಾ ಸ್ಪಾನರ್ ಬಿಸಾಡಿದಳು. “ಬಿಗಿಯಲ್ಲ.”

“ನೀನು ಬಿಗೀಲೇಬೇಕು ಅಂತೇನಿಲ್ಲ ಮಗಾ.”

ಎಂಟನೆಯ ನಟ್ಟು ಅಲುಗಿತು. ಒಂದು ಸುತ್ತು ತಿರುಗಿತು. ಕೈಯಿಲ್ಲ, ಸ್ಪಾನರಿಲ್ಲ. ಕಿರ್ರೆಂದು ಇನ್ನೊಂದು ಸುತ್ತು. ಮೇಲೆ ಮರದೊಳಗೆ ಯಾರೋ ಉಸಿರೆಳೆದರು. ಆ ಮೂಲೆಯಲ್ಲಿ ಪಟ್ಟಿಗೂ ಫ್ರೇಮಿಗೂ ನಡುವೆ ಇನ್ನೂ ಬೆರಳು ತೂರುವಷ್ಟು ಸಂದಿತ್ತು. ಸಂದಿ ಸಣ್ಣದಾಗುತ್ತಿತ್ತು. ತನುಜಾ ನಟ್ಟು ಹಿಡಿದಳು. ಅಂಗೈ ಸುಲಿಯಿತು. ನಿಲ್ಲಲಿಲ್ಲ. ಕಣ್ಣಿಗೆ ಮಂಜು ಕವಿಯಿತು. ಉಸಿರು ಸಿಕ್ಕಿಕೊಂಡಿತು. ಸುತ್ತಿಗೆ ಎಲ್ಲಿ? ಉಳಿ ಎಲ್ಲಿ? ಕತ್ತಲು. ಏನೂ ಸಿಗಲಿಲ್ಲ. ಉಳಿದದ್ದು ಕೈಯೊಂದೇ. ಬಲಗೈಯ ಎರಡು ಬೆರಳನ್ನು ಸಂದಿಗೆ ತುರುಕಿದಳು.

ಮೂಳೆ ಮುರಿದ ಸದ್ದು ಓಂಕಾರೇಶನಿಗೂ ಕೇಳಿತು. ನಟ್ಟು ನಿಂತಿತು.

“ಓಂಕಾರಣ್ಣ,” ಎಂದಳು ಹಲ್ಲು ಕಚ್ಚಿ. “ಗ್ಯಾಸ್ ಕಟರ್.”

ಓಡಿಹೋಗಲು ಬಾಗಿಲವರೆಗೂ ಹೋಗಿದ್ದವನು ತಿರುಗಿ ಬಂದ. ಸಿಲಿಂಡರು ತಿರುಗಿಸಿ, ಕಟರ್ ಹೊತ್ತಿಸಿ, ಮುದುಕರ ಭುಜದ ಮೇಲಿಂದ ಕೆಳಗೆ ಚಾಚಿದ. ತನುಜಾ ಎಡಗೈಯಲ್ಲಿ ಹಿಡಿದಳು.

ಆಗ ಸೋಮಶೇಖರಪ್ಪನವರ ದನಿ ಮೊದಲ ಸಲ ಒಡೆಯಿತು. “ಬೇಡ ಮಗಾ. ನಲವತ್ತು ವರ್ಷದ್ದು ಒಟ್ಟಿಗೆ ಬರುತ್ತೆ.”

“ನಿಮ್ದೇ ತಾನೇ ಯಜಮಾನ್ರೆ,” ಎಂದಳು ತನುಜಾ. “ತಗೊಳ್ಳಿ.”

ನೀಲಿ ಜ್ವಾಲೆ ಹೊನ್ನೆಗೆ ತಾಗಿತು. ಮರ ಉರಿಯಲಿಲ್ಲ, ಮೊದಲು ಬೆವರಿತು. ಆಮೇಲೆ ಹೊತ್ತಿತು. ಕೂದಲು ಸುಟ್ಟ ನಾತ. ಸೀಸ ಕರಗಿ ತೊಟ್ಟಿಕ್ಕಿತು. ಒಂದು ತೊಟ್ಟು, ಮರದೊಳಗೊಂದು ಕೆಮ್ಮು. ಇನ್ನೊಂದು ತೊಟ್ಟು, ಒಂದು ನರಳಿಕೆ. ಪಟ್ಟಿ ಪೂರ್ತಿ ನರಳುತ್ತಿತ್ತು. ಅವಳು ಜ್ವಾಲೆ ಸರಿಸಲಿಲ್ಲ. ಇನ್ನೊಂದು ಪಟ್ಟಿಗೂ ಹಿಡಿದಳು. ಹಿಡಿದೇ ಇದ್ದಳು. ಎಲ್ಲ ಒಮ್ಮೆಲೇ ನಿಂತು ನಿಶ್ಶಬ್ದವಾಯಿತು.

ಆಮೇಲೆ ಮೇಲೆ, ಗುಂಡಿಯ ಅಂಚಿನಲ್ಲಿ, ಸೋಮಶೇಖರಪ್ಪನವರು ಕೆಮ್ಮಿದರು.

ಆಸ್ಪತ್ರೆ ತಲುಪುವ ಮೊದಲೇ ಅವರು ತೀರಿಕೊಂಡರು. ಡಾಕ್ಟರು ಬರೆದ ಕಾರಣಗಳು ಒಂದು ಹಾಳೆಯಲ್ಲಿ ಹಿಡಿಸಲಿಲ್ಲ. ಮರದಲ್ಲಿದ್ದದ್ದು ಅವರಿಗೆ ಹೋಯಿತು. ಏಳು ಬೋಲ್ಟುಗಳಲ್ಲಿ ಇಳಿದದ್ದು ಗುಂಡಿಗೆ ಇಳಿದವಳಲ್ಲೇ ಉಳಿಯಿತು. ತನುಜಾ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾಳೆ. ಎಡಗಿವಿ ಕೇಳಿಸುವುದಿಲ್ಲ. ಬಲಗೈಯಲ್ಲಿ ಮೂರು ಬೆರಳಿವೆ. ಲಾರಿಯ ಬಾಡಿಯ ಕೆಳಗೆ ಈಗ ರಬ್ಬರ್ ಹಾಳೆ ಹಾಕಿದ್ದಾರೆ. ಗಾಡಿ ಓಡುತ್ತಿದೆ.