ಒಂದೂವರೆ ಮೀಟರ್ ಕಾಗದ

"ಮೆಷಿನ್ನೇ ನಾರ್ಮಲ್ ಅಂತ ಬರೆದು ಕೊಟ್ಟಿದೆ. ನಿಮ್ದೇನು ತಕರಾರು?"

ಮಂಚದ ಮೇಲೆ ಅಂಗಿ ಬಿಚ್ಚಿ ಮಲಗಿದ್ದವನು ಕೇಳಿದ ರೀತಿಗೆ ಇಸಿಜಿ ತೆಗೆಯುವವಳ ಮೂಗಿನ ತುದಿ ಕೆಂಪಾಯಿತು. ಬೆಳಗಿನಿಂದ ನಲವತ್ತು ಎದೆಗಳಿಗೆ ಜೆಲ್ ಹಚ್ಚಿದ್ದಳು. ಕಾರ್ಖಾನೆಯವರ ವಾರ್ಷಿಕ ತಪಾಸಣೆ, ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ. ಒಬ್ಬೊಬ್ಬರಿಗೆ ಹತ್ತು ಸೆಕೆಂಡು, ಒಂದು ಕಾಗದ, ಮುಂದಿನವರು ಬನ್ನಿ... ಅಷ್ಟೇ ಕೆಲಸ.

ಆದರೆ ಈ ಕ್ರೇನ್ ಆಪರೇಟರ್‌ನ ಮಣಿಕಟ್ಟಿಗೆ ಕ್ಲಿಪ್ ಹಾಕುವಾಗ ನಾಡಿಯ ಒಂದು ಬಡಿತ ಅವಳ ಬೆರಳಿಗೆ ತಪ್ಪಿದಂತಾಗಿತ್ತು. ಒಂದೇ ಒಂದು. ಹತ್ತು ಸೆಕೆಂಡಿನ ಕಾಗದದಲ್ಲಿ ಎಲ್ಲವೂ ಸರಿಯಾಗಿತ್ತು.

"ಸುಮ್ನೆ ಮಲ್ಕೊಳ್ಳಿ. ಇನ್ನೊಂದು ನಿಮಿಷ ಓಡಿಸ್ತೀನಿ."

"ಎಲ್ಲರಿಗೂ ಹತ್ತು ಸೆಕೆಂಡು, ನನಗೆ ಮಾತ್ರ ಒಂದು ನಿಮಿಷಾನಾ? ನನ್ನ ಎದೆ ಅಷ್ಟು ಇಷ್ಟ ಆಯ್ತಾ?"

ಪರದೆಯಾಚೆ ಬೆಂಚಿನವರು ಕಿಸಕ್ಕೆಂದರು.

"ಮಾತಾಡಿದ್ರೆ ಗೆರೆ ಅಲ್ಲಾಡತ್ತೆ. ಬಾಯಿ ಮುಚ್ಕೊಳ್ಳಿ!"

ಕಾಗದ ಸರಸರನೆ ಹೊರಬಂದು ನೆಲ ಮುಟ್ಟಿತು. ಒಂದೂವರೆ ಮೀಟರ್. ಅವಳು ಬೆರಳಿಟ್ಟು ಓದುತ್ತಾ ಹೋದಳು. ಮೊದಲು ಒಂದು ಪುಟ್ಟ ಉಬ್ಬು, ಅದು ಹೃದಯದ ಮೇಲಿನ ಕೋಣೆಗಳಿಂದ ಹೊರಟ ಅಪ್ಪಣೆ. ಹಿಂದೆಯೇ ಚೂಪಾದ ಶಿಖರ, ಕೆಳಗಿನ ಕೋಣೆಗಳು ರಕ್ತ ತಳ್ಳುವ ಹೊತ್ತು. ಉಬ್ಬು, ಶಿಖರ. ಉಬ್ಬು, ಶಿಖರ. ನಡುವಿನ ಅಂತರ ಅಳೆದಿಟ್ಟಂತೆ ಒಂದೇ.

ಮೀಟರ್ ದಾಟಿದ ಮೇಲೆ ಉಬ್ಬು ಬಂತು... ಶಿಖರ ಬರಲೇ ಇಲ್ಲ!

ಅಪ್ಪಣೆ ಹೊರಟಿದೆ, ದಾರಿಯಲ್ಲೇ ನಿಂತಿದೆ.

"ಏಣಿ ಹತ್ತುವಾಗ ಯಾವತ್ತಾದ್ರೂ ಕಣ್ಣು ಕತ್ತಲೆ ಬಂದಿತ್ತಾ?"

ಅವನ ನಗು ಮಾಯವಾಯಿತು. "ಒಂದ್ಸಲ... ಅವತ್ತು ತಿಂಡಿ ತಿಂದಿರ್ಲಿಲ್ಲ." ಆಮೇಲೆ ದನಿ ತಗ್ಗಿಸಿದ. "ಆ ಉದ್ದದ ಕಾಗದ ಹರಿದುಬಿಡಿ ಮೇಡಂ. ಹೊಸ ಕ್ರೇನ್ ಬಂದಿದೆ, ಅರವತ್ತು ಮೀಟರ್ ಎತ್ತರ. ಅಂಥ ಸೀಟಿಗೆ ಹನ್ನೊಂದು ವರ್ಷ ಕಾದಿದ್ದೀನಿ. ಸೋಮವಾರ ಹತ್ತಬೇಕು."

"ಹರಿಯಲ್ಲ."

"ದಮ್ಮಯ್ಯ ಅಂತೀನಿ..."

"ಹರಿಯಲ್ಲ ಅಂದೆ!"

ತಪಾಸಣೆಯ ಡಾಕ್ಟರಿಗೆ ಊಟದ ಹೊತ್ತು ಮೀರಿತ್ತು. "ಮೆಷಿನ್ ನಾರ್ಮಲ್ ಅಂದ್ಮೇಲೆ ನಿನ್ನದೇನಮ್ಮ ಅಧಿಕಪ್ರಸಂಗ?"

"ಮೆಷಿನ್ ಹತ್ತು ಸೆಕೆಂಡ್ ನೋಡಿದೆ ಸಾರ್, ನಾನು ಅರವತ್ತು ನೋಡಿದ್ದೀನಿ. ಹೃದಯದ ಡಾಕ್ಟರ್ ಇದನ್ನ ನೋಡೋವರೆಗೂ ಇವರನ್ನ ಪಾಸ್ ಲಿಸ್ಟಿಗೆ ಹಾಕಲ್ಲ. ಮೆಮೋ ಕೊಡೋದಾದ್ರೆ ಕೊಡಿ!"

ಮೆಮೋ ಕೊಟ್ಟರು. ಕಾಗದ ಹೃದಯ ವಿಭಾಗಕ್ಕೆ ಹೋಯಿತು. ಸೋಮವಾರ ಹೊಸ ಕ್ರೇನ್ ಹತ್ತಿದವನು ಬೇರೊಬ್ಬ.

"ತಮಾಷೆ ಮಾಡಿದ್ದಕ್ಕೆ ಸೇಡು ತೀರಿಸ್ಕೊಂಡ್ರಲ್ಲ!" ಕಾರಿಡಾರಿನಲ್ಲಿ ಎಲ್ಲರೆದುರೇ ಅವನು ಕೂಗಾಡಿದ. "ಹೊಟ್ಟೆ ತಣ್ಣಗಾಯ್ತಾ?"

ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. 'ಅಷ್ಟೆತ್ತರದಿಂದ ಬಿದ್ದರೆ ಹಿಡಿಯೋರು ಯಾರಿದ್ದಾರೋ ದಡ್ಡ...' ಈ ಒರಟನ ಮೇಲೆ ತನಗೇಕಿಷ್ಟು ಸಂಕಟ ಎಂಬುದು ಮಾತ್ರ ಅವಳಿಗೆ ತಿಳಿಯಲಿಲ್ಲ.

ಇಡೀ ದಿನದ ಬಡಿತ ಬರೆದುಕೊಳ್ಳುವ ಪುಟ್ಟ ಪೆಟ್ಟಿಗೆಯನ್ನು ಅವನ ಸೊಂಟಕ್ಕೆ ಕಟ್ಟಿದವಳೂ ಅವಳೇ. ಅವನು ಗೋಡೆ ನೋಡುತ್ತಾ ನಿಂತಿದ್ದ. ಮರುದಿನ ಹೃದಯದ ಡಾಕ್ಟರ್ ಹೇಳಿದರು, ಪೇಸ್‌ಮೇಕರ್ ಹಾಕಲೇಬೇಕು.

"ಬ್ಯಾಟರಿ ಹಾಕೋಕೆ ನಾನೇನು ಗೋಡೆ ಗಡಿಯಾರಾನಾ? ಸಹಿ ಹಾಕಲ್ಲ!"

ಅವನ ಅಕ್ಕ ವಾರ್ಡಿನ ಹೊರಗೆ ಕೂತು ಅಳುತ್ತಿದ್ದಳು. ಅದನ್ನು ನೋಡಿದ್ದೇ ತಡ, ಇವಳು ಬಾಗಿಲು ತಳ್ಳಿಕೊಂಡು ಒಳನುಗ್ಗಿದಳು. ವಾರ್ಡಿನಲ್ಲಿ ಅವಳಿಗೇನೂ ಕೆಲಸವಿರಲಿಲ್ಲ, ಅದನ್ನು ಯಾರು ಕೇಳಬೇಕು! ಅವನ ಮುಂದೆ ಆ ಪೆಟ್ಟಿಗೆ ಬರೆದುಕೊಂಡಿದ್ದ ಗೆರೆಗಳ ಹಾಳೆ ಹರಡಿದಳು.

"ಐದು ದೊಡ್ಡ ಚೌಕ ಅಂದ್ರೆ ಒಂದು ಸೆಕೆಂಡು. ಈ ಶಿಖರದಿಂದ ಆ ಶಿಖರಕ್ಕೆ ನೀವೇ ಎಣಿಸಿ."

ಎಣಿಸಿದ. ಇಪ್ಪತ್ತು ಚೌಕ. ಮತ್ತೊಮ್ಮೆ ಎಣಿಸಿದ.

"ನಾಲ್ಕು ಸೆಕೆಂಡು... ಅಷ್ಟು ಹೊತ್ತು ಎದೆ ಬಡೀಲೇ ಇಲ್ವಾ?"

"ಇಲ್ಲ. ಇನ್ಮೇಲೂ ನನ್ನ ಮೇಲೆ ಕೂಗಾಡ್ಬೇಕು ಅಂದ್ರೆ ಸಹಿ ಹಾಕಿ."

ಅವನು ಸಹಿ ಹಾಕಿದ.

ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಇಸಿಜಿ ಕೋಣೆಗೆ ಬಂದವನು ನೇರವಾಗಿ ಹೇಳಿಬಿಟ್ಟ. "ನನ್ನ ಮದುವೆ ಆಗ್ತೀರಾ?"

ಅವಳ ಜೀವ ಹೂವಾಯಿತು. ಆದರೂ ತಲೆಯೆತ್ತಿ ಅಂದಳು. "ಇಲ್ಲ. ಮನೆಗೆ ಹೊರಡೋ ದಿನ ಎಲ್ಲರೂ ನಮ್ಮನ್ನ ದೇವರು ಅಂತಾರೆ, ತಿಂಗಳಲ್ಲಿ ಮರೀತಾರೆ. ಜೀವ ಉಳಿಸಿದ ಋಣಕ್ಕೆ ಬರೋ ಪ್ರೀತಿ ನನಗೆ ಬೇಡ. ಹೋಗಿ!"

ಅವನು ಹೋದ. ಅವಳು ನಲ್ಲಿ ತಿರುಗಿಸಿಟ್ಟು, ಆ ಸದ್ದಿನಲ್ಲಿ ಮನಸಾರೆ ಅತ್ತಳು.

ಮೂರು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ಬಾಗಿಲು ದಡಾರನೆ ತೆರೆಯಿತು. ಅವನೇ! ಮುಖ ಸಿಡುಸಿಡು.

"ಕ್ರೇನ್ ಕೆಲಸ ಪೂರ್ತಿ ಹೋಯ್ತು! ಇವತ್ತು ಆರ್ಡರ್ ಕೊಟ್ರು. ಇನ್ಮೇಲೆ ನೆಲದ ಮೇಲೆ ನಿಂತು ಹೊಸಬರಿಗೆ ಕಲಿಸಬೇಕಂತೆ."

"ಅದನ್ನ ಹೇಳೋಕೆ ಬಂದ್ರಾ?"

"ಜಗಳ ಆಡೋಕೆ ಬಂದೆ. ನಿಮ್ಮ ಮೇಲೆ ಕೆಂಡದಂಥ ಕೋಪ ಇದೆ ನನಗೆ. ಋಣ ಇದ್ದೋರಿಗೆ ಇಷ್ಟು ಕೋಪ ಬರತ್ತಾ, ಹೇಳಿ?"

ಅವಳು ಜೆಲ್ ಬಾಟಲಿಯ ಮುಚ್ಚಳ ತಿರುಗಿಸಿದಳು.

"ಆರ್ಡರ್ ಓದಿ ಹೊರಗೆ ಬಂದೆ. ಅಕ್ಕನ ಮನೆಗೆ ಹೋಗ್ಬಹುದಿತ್ತು. ಕಾಲು ಇಲ್ಲಿಗೇ ಬಂತು. ಇಷ್ಟು ಕೋಪ ಇಟ್ಕೊಂಡೂ ನಿಮ್ಮನ್ನ ನೋಡದೆ ಇರೋಕಾಗ್ತಿಲ್ಲ... ಇದಕ್ಕೇನಂತೀರಿ?"

ಅವಳ ಕಣ್ಣು ತುಂಬಿ ಬಂತು. ಸೋಲುವ ಜಾತಿಯವಳೇ ಅಲ್ಲವಲ್ಲ, ಮೂಗೊರೆಸಿಕೊಂಡು ತಿರುಗಿಬಿದ್ದಳು.

"ನನಗೂ ಕೋಪ ಇದೆ! ಹೋಗಿ ಅಂದ ತಕ್ಷಣ ಹೋಗೇಬಿಡೋದಾ? ಮೂರು ತಿಂಗಳು!"

"ನೀವೇ ತಾನೇ ಹೋಗಿ ಅಂದಿದ್ದು?"

"ನನ್ನ ಯಾವ ಮಾತನ್ನ ಒಂದೇ ಸಲಕ್ಕೆ ಕೇಳಿದ್ರಿ ನೀವು? ಅದೊಂದನ್ನ ಮಾತ್ರ ಕೇಳ್ಬೇಕಿತ್ತಾ?"

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

"ಸರಿ. ಇನ್ಮೇಲೆ ಹೋಗಿ ಅಂದ್ರೂ ಹೋಗಲ್ಲ."

"ಅನ್ನಲ್ಲ ಬಿಡಿ," ಎಂದಳು ಅವಳು.